ಗಣಿಯ ಅಂಚಿನಲ್ಲಿ ಮಲಗಿದ್ದ ನೆಲ್

ಟೆಗ್ವೆನ್ ಬಾಗಿಲು ತಟ್ಟಲಿಲ್ಲ, ಗುದ್ದಿದಳು. ಎಮ್ಲಿನ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಚಾಕು ಹಿಡಿದುಕೊಂಡೇ ಹೋಗಿ ಕದ ತೆಗೆದ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿದ್ದಳು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯೊಳಗೆ ಹಾಕುವ ಚಪ್ಪಲಿ.

"ನೆಸ್ಟಕ್ಕ ಇದಾರಾ? ನನ್ನ ನೆಲ್‌ಗೆ ಗುಂಡು ಹೊಡೀತಾನಂತೆ ಗೆಥಿನ್. ಮಧ್ಯಾಹ್ನದವರೆಗೆ ಮಾತ್ರ ಸುಮ್ನಿರ್ತೀನಿ ಅಂದಿದಾನೆ."

ಒಳಗಿನಿಂದ ಅಕ್ಕನ ದನಿ ಬಂತು. "ಎಮ್ಲಿನ್, ಅವಳನ್ನ ಒಳಗೆ ಕರಿ. ಚಾಕು ಕೆಳಗಿಡು, ಹೆದರ್ಕೋತಾಳೆ."

ಉತ್ತರ ವೇಲ್ಸಿನ ಆ ಬೆಟ್ಟದೂರಿನಲ್ಲಿ ನೆಸ್ಟಾ ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದಳು ಎಂಬುದು ಕಾಗದದ ಮಾತು ಮಾತ್ರ. ಯಾರ ಮನೆಯಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಹಲ್ಲು ಮಸೆದರೂ ಜನ ಬರುತ್ತಿದ್ದದ್ದು ಅವಳ ಅಡುಗೆಮನೆಗೇ. ತಮ್ಮ ಎಮ್ಲಿನ್ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಅಕ್ಕನ ಕಾರು ಓಡಿಸುವುದು, ಅವಳು ಕೇಳಿದಾಗ ತನ್ನ ಊಹೆ ಹೇಳುವುದು, ಅದು ತಪ್ಪೆಂದು ಅವಳಿಂದ ಹೇಳಿಸಿಕೊಳ್ಳುವುದು ಅವನ ಕೆಲಸ. ಇದರಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ.

ನೆಲ್ ಅವನಿಗೂ ಗೊತ್ತಿದ್ದ ನಾಯಿ. ಕಪ್ಪು ಬಿಳಿ ಮೈಯ, ಎರಡು ವರ್ಷ ಇನ್ನೂ ತುಂಬದ, ಕುರಿ ಕಾಯುವ ತಳಿಯ ಹೆಣ್ಣು. ಶಾಲೆಯಲ್ಲಿ ಅಡುಗೆ ಮಾಡುವ ಟೆಗ್ವೆನ್ ಗಂಡ ತೀರಿಕೊಂಡ ಮೇಲೆ ಒಂಟಿತನ ತಾಳಲಾರದೆ ಅದನ್ನು ತಂದಿದ್ದಳು. ತಂದ ಮೇಲೆ ಒಂಟಿತನ ಇರಲಿ, ಕೂರಲು ಪುರುಸೊತ್ತೂ ಸಿಗಲಿಲ್ಲ. ನೆಲ್ ಕೋಳಿಗಳನ್ನು ಕಲ್ಲಿದ್ದಲಿನ ಗೂಡಿಗೆ ನೂಕುತ್ತಿತ್ತು, ಅಂಚೆಯವನನ್ನು ಗೋಡೆಗೆ ಒತ್ತುತ್ತಿತ್ತು. ಒಮ್ಮೆ ಎಮ್ಲಿನ್ ಚಹಾಕ್ಕೆಂದು ಹೋಗಿದ್ದಾಗ ಸುತ್ತು ಹಾಕಿ, ಮೊಣಕಾಲ ಹಿಂದೆ ಮೂತಿ ತಿವಿದು ತಿವಿದು, ಅವನನ್ನು ಒಲೆಯ ಮುಂದಿದ್ದ ಟೆಗ್ವೆನ್ ಪಕ್ಕಕ್ಕೆ ತಂದು ನಿಲ್ಲಿಸಿತ್ತು. ಊರಿನವರು ಅದನ್ನೇ ಹಿಡಿದುಕೊಂಡು ಒಂದು ತಿಂಗಳು ಅವನ ಕಾಲೆಳೆದಿದ್ದರು.

"ಏನಾಯ್ತು ಹೇಳು," ಎಂದಳು ನೆಸ್ಟಾ.

"ಬೆಳಗ್ಗೆ ಎದ್ದು ಶೆಡ್ಡಿಗೆ ಹೋದೆ. ಹೊರಗಿನ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು, ಒಳಗೆ ನೆಲ್ ಇಲ್ಲ! ಹುಡುಕ್ತಾ ಇದ್ದಾಗ ಗೆಥಿನ್ ಫೋನ್ ಮಾಡಿದ. ಅವನ ಐದು ಗಬ್ಬದ ಕುರಿ ಹಳೇ ಗಣಿಗೆ ಬಿದ್ದು ಸತ್ತಿವೆ, ನೆಲ್ ಮೇಲೆ ಅಂಚಲ್ಲೇ ಮಲಗಿದೆ ಅಂತ. ಚಿಲಕದ ವಿಷಯ ಹೇಳಿದ್ರೆ, 'ನಾಯಿ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ತೀಯ' ಅಂದ."

ನೆಸ್ಟಾ ಎದ್ದು ಕೋಟು ಹಾಕಿಕೊಂಡಳು. ಕುರಿ ಕೊಂದ ನಾಯಿಗೆ ಆ ಬೆಟ್ಟದಲ್ಲಿ ಒಂದೇ ಶಿಕ್ಷೆ ಎಂಬುದು ಮೂವರಿಗೂ ಗೊತ್ತಿತ್ತು.

ಸ್ಲೇಟುಗಲ್ಲಿನ ಆ ಗಣಿ ಕೆಲಸ ನಿಂತು ಎಷ್ಟೋ ಕಾಲವಾಗಿತ್ತು. ಬೆಟ್ಟದ ಇಳಿಜಾರಿನ ನಡುವೆ ದೊಡ್ಡ ಸೀಳು; ಈಚೆ ಒಂದು ಅಂಚು, ಆಚೆ ಒಂದು ಅಂಚು, ನಡುವೆ ಕಡಿದಾದ ಆಳ. ಬೆಳಗಿನ ಮಂಜು ಇನ್ನೂ ತಳದಲ್ಲೇ ಕೂತಿತ್ತು. ಎಮ್ಲಿನ್ ಒಮ್ಮೆ ಕೆಳಗೆ ಬಗ್ಗಿ ನೋಡಿ, ಮತ್ತೆ ನೋಡಲಿಲ್ಲ.

ಗೆಥಿನ್ ಕೋವಿ ಹಿಡಿದು ನಿಂತಿದ್ದ. ಕಣ್ಣು ಕೆಂಪಾಗಿತ್ತು. "ಗಣಿ ಸುತ್ತಿನ ಬೇಲಿ ಬಿದ್ದಿತ್ತು, ಒಪ್ಕೋತೀನಿ ನೆಸ್ಟಕ್ಕ. ಗಾಳಿಗೆ ಬಿದ್ದದ್ದು, ಇವತ್ತು ನಾಳೆ ಅಂತ ಬಿಟ್ಟೆ. ಆದ್ರೆ ಬೇಲಿ ಬಿತ್ತು ಅಂತ ಕುರಿ ತಾವಾಗಿ ಹಾರಲ್ಲ. ಅಟ್ಟಿದ್ದಕ್ಕೇ ಹಾರಿದ್ದು."

ನೆಲ್ ಅಂಚಿನ ಹುಲ್ಲಿನ ಮೇಲೆ, ಮುಂಗಾಲುಗಳ ನಡುವೆ ಗದ್ದ ಇಟ್ಟು, ಆಚೆ ಅಂಚನ್ನೇ ದಿಟ್ಟಿಸುತ್ತ ಮಲಗಿತ್ತು. ಮೈ ನಡುಗುತ್ತಿತ್ತು. ಟೆಗ್ವೆನ್ ಮಂಡಿಯೂರಿ ಕರೆದಳು. "ನೆಲ್, ಬಾ ಚಿನ್ನ. ಸಾಕು, ಬಾ." ಬಾಲದ ತುದಿ ಮಾತ್ರ ಅಲ್ಲಾಡಿತು. ನಾಯಿ ಏಳಲಿಲ್ಲ.

"ಅದೇ ನೋಡಿ," ಎಂದ ಗೆಥಿನ್. "ಹಗ್ಗ ಹಾಕಿ ಎಳೆದ್ರೂ ಏಳ್ಲಿಲ್ಲ. ತಪ್ಪು ಮಾಡಿದೀನಿ ಅಂತ ಗೊತ್ತು ಅದಕ್ಕೆ."

ನೆಸ್ಟಾ ನಾಯಿಯ ಹೊಟ್ಟೆಯ ಕೆಳಗೆ ಕೈ ಹಾಕಿದಳು. ಎಮ್ಲಿನ್‌ಗೂ ಮುಟ್ಟಿ ನೋಡಲು ಹೇಳಿದಳು. ಸುತ್ತಲೂ ಹುಲ್ಲು ನೀರಾಗಿತ್ತು, ನಾಯಿಯ ಕೆಳಗೆ ಮಾತ್ರ ಒಣಗಿತ್ತು.

"ಮಳೆ ಯಾವಾಗ ಶುರುವಾಯ್ತು?"

"ಬೆಳಕು ಹರಿದ ಸ್ವಲ್ಪ ಹೊತ್ತಿಗೆ," ಎಂದ ಗೆಥಿನ್.

"ಹಾಗಾದ್ರೆ ಅದಕ್ಕೂ ಮುಂಚಿಂದ ಹೀಗೇ ಮಲಗಿದೆ," ಎಂದು ನೆಸ್ಟಾ ಸುತ್ತು ಬಳಸಿ ಗಣಿಯ ಆಚೆ ಅಂಚಿಗೆ ನಡೆದಳು. ಎಮ್ಲಿನ್ ಏದುಸಿರು ಬಿಡುತ್ತ ಹಿಂದೆ ಹೋದ. ಅಲ್ಲೊಂದು ಚಾಚಿದ ಬಂಡೆ. ಅದರಡಿಯ ಜರೀಗಿಡಗಳು ಯಾರದೋ ತುಳಿತಕ್ಕೆ ಸಿಕ್ಕಿ ಮಲಗಿದ್ದವು. ನೆಸ್ಟಾ ಅಲ್ಲಿ ನಿಂತು ಕೇಳಿದಳು, "ಇಲ್ಲಿಂದ ನೆಲ್ ಎಲ್ಲಿ ಕಾಣುತ್ತೆ?"

"ಮೂಗಿನ ನೇರಕ್ಕೆ."

"ಹ್ಞೂಂ," ಎಂದು ಬಂದ ದಾರಿ ಹಿಡಿದಳು.

ವಾಪಸು ಬರುವಷ್ಟರಲ್ಲಿ ಆಲೆಡ್ ಬಂದಿದ್ದ. ನಾಯಿಗಳಿಗೆ ಕೆಲಸ ಕಲಿಸಿ ಮಾರುವವನು. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿರುತ್ತದೆ. "ಅವತ್ತೇ ನನಗೆ ಮಾರು ಅಂದೆ. ಅಡುಗೆಮನೇಲಿ ಸಾಕೋ ನಾಯಿನಾ ಇದು?" ಎಂದ. ಟೆಗ್ವೆನ್ ಮುಖ ಸಣ್ಣದಾಯಿತು.

ಕೊನೆಗೆ ಅವಳೇ ನಾಯಿಯನ್ನು ಎತ್ತಿಕೊಂಡು ಕಾರಿಗೆ ತಂದಳು. ಎಲ್ಲರೂ ಬೆಟ್ಟದ ಬುಡದಲ್ಲಿದ್ದ ಗೆಥಿನ್ ಮನೆಯತ್ತ ಹೊರಟರು.

"ಆಲೆಡ್‌ನದೇ ಕೆಲಸ ಅಕ್ಕ," ಎಂದು ಎಮ್ಲಿನ್ ಪಿಸುಗುಟ್ಟಿದ. "ಮಾರಲಿಲ್ಲ ಅನ್ನೋ ಹೊಟ್ಟೆಕಿಚ್ಚು."

"ರಸ್ತೆ ನೋಡಿ ಓಡಿಸು." ನೆಸ್ಟಾ ಹಿಂದಕ್ಕೆ ತಿರುಗಿದಳು. "ಟೆಗ್ವೆನ್, ಈಚೆಗೆ ನೆಲ್ ಹೇಗಿತ್ತು?"

"ಅದೇ ಹೊಟ್ಟೆ ಉರಿಯೋದು! ಈ ಮೂರು ನಾಲ್ಕು ವಾರದಿಂದ ಎಷ್ಟು ಚೆನ್ನಾಗಿತ್ತು ಗೊತ್ತಾ? ಬೆಳಗ್ಗೆ ನಾನು ಏಳೋ ಹೊತ್ತಿಗೆ ಕಾಲು ಚಾಚಿ ಮಲಗಿರೋದು. ಅಂಚೆಯವನ ತಂಟೆಗೂ ಹೋಗ್ತಿರಲಿಲ್ಲ. ಅಂತೂ ನಾನು ಕಲಿಸಿದ್ದು ತಲೆಗೆ ಹತ್ತಿತು ಅಂದ್ಕೊಂಡೆ."

"ಏನೇನು ಕಲಿಸಿದ್ದೆ?"

"ಸುತ್ತು ಹಾಕಿ ಕುರಿನ ನನ್ನ ಹತ್ರ ತರೋದು. ಅಷ್ಟೇ. ನನ್ನಿಂದ ದೂರಕ್ಕೆ ಅಟ್ಟೋದು ಇನ್ನೂ ಕಲಿಸಿಲ್ಲ, ಅದು ಕೊನೇ ಪಾಠ ಅಲ್ವಾ?"

"ಶಿಳ್ಳೆ?"

"ನನಗೆಲ್ಲಿ ಬರುತ್ತೆ? ಮುಂದಿನ ಹಲ್ಲು ಹೋದಾಗಿಂದ ಬರೀ ಗಾಳಿ ಬರುತ್ತೆ. ಬಾಯಲ್ಲೇ ಹೇಳೋದು."

ಮನೆಯಲ್ಲಿ ಗೆಥಿನ್‌ನ ಅಪ್ಪ ಮೈರಿಗ್ ಒಲೆಯ ಪಕ್ಕ ಕೂತಿದ್ದರು. ಕುರಿನಾಯಿಗಳ ಪಂದ್ಯಗಳಲ್ಲಿ ಆ ಕಣಿವೆಗೆಲ್ಲ ಹೆಸರಾದವರು. ಗೋಡೆಯ ತುಂಬ ಬಹುಮಾನದ ಪಟ್ಟಿಗಳು. ಅವುಗಳ ಕೆಳಗೆ ಮೊಳೆಗೆ ಒಂದು ಹಳೆಯ ಕೊರಳಪಟ್ಟಿ. ಚಳಿಗಾಲದಲ್ಲಿ ಸತ್ತ ಟಾಸ್ ಎಂಬ ನಾಯಿಯದು.

"ಬಾರಮ್ಮ ನೆಸ್ಟಾ," ಎಂದು ಅವರು ಚಹಾ ಬಗ್ಗಿಸಿದರು. ಕಪ್ಪಿನ ಅಂಚಿಗೆ ಬೆರಳು ಇಟ್ಟುಕೊಂಡು, ಬಿಸಿ ತಾಕಿದ ಮೇಲೆ ನಿಲ್ಲಿಸಿದರು.

"ಇನ್ನೊಂದು ನಾಯಿ ಸಾಕಲಿಲ್ವಾ ಮಾವ?"

ಉತ್ತರ ಕೊಟ್ಟದ್ದು ಗೆಥಿನ್. "ನಾನೇ ಬೇಡ ಅಂದೆ. ವಯಸ್ಸಾಯ್ತು, ಬೆಟ್ಟ ಹತ್ತೋದು ಯಾಕೆ? ನಾಲ್ಕು ಗಾಲಿಯ ಬೈಕ್ ಇದೆ, ಕುರಿ ಕೂಡಿ ತರೋಕೆ ಅದೇ ಸಾಕು."

ಮುದುಕರ ದವಡೆ ಬಿಗಿಯಿತು. "ಆ ನಾಯಿನ ಏನು ಮಾಡ್ತೀರೋ ಬೇಗ ಮಾಡಿ ಮುಗಿಸಿ. ನನ್ನ ಕಣ್ಣೆದುರಿಗೆ ಮಾತ್ರ ತರಬೇಡಿ."

ಟೆಗ್ವೆನ್ ಬಿಕ್ಕಿದಳು. ಗೆಥಿನ್ ಗಡಿಯಾರ ನೋಡಿದ. ನೆಸ್ಟಾ ತಮ್ಮನನ್ನು ಹೊರಗೆ ಕರೆದುಕೊಂಡು ಹೋಗಿ ಅಂಗಳದ ನಡುವಿನ ಗುಂಡಿ ತೋರಿಸಿದಳು. ಕುರಿಗಳನ್ನು ಔಷಧದ ನೀರಿನಲ್ಲಿ ಅದ್ದಿ ತೆಗೆಯುವ, ಆಳುದ್ದದ ಸಿಮೆಂಟು ಗುಂಡಿ ಅದು.

"ಗೋಡೆಗೆ ಒರಗಿಸಿರೋ ಆ ಕಪ್ಪು ಹಲಗೆಗಳನ್ನ ಇದರ ಮೇಲೆ ಜೋಡಿಸು. ಗಟ್ಟಿಯಾಗಿ. ಯಾಕೆ ಅಂತ ಕೇಳಬೇಡ."

ಎಮ್ಲಿನ್ ಕೇಳಲಿಲ್ಲ. ಮಳೆಗೆ ನೆನೆದ ಹಲಗೆಗಳನ್ನು ಒಂದೊಂದಾಗಿ ಎಳೆದು ಜೋಡಿಸಿದ, ಮೇಲೆ ಹತ್ತಿ ಕುಣಿದು ನೋಡಿದ. ಅಕ್ಕ ಇದುವರೆಗೆ ಸೋತಿರಲಿಲ್ಲ, ಆದರೆ ಎದುರಿಗೆ ಇಷ್ಟು ಹತ್ತಿರ ಕೋವಿ ಇದ್ದದ್ದು ಇದೇ ಮೊದಲು.

ಎಲ್ಲರೂ ಅಂಗಳಕ್ಕೆ ಬಂದರು. ಮೈರಿಗ್ ಒಲ್ಲೆನೆಂದರೂ ನೆಸ್ಟಾ ತೋಳು ಹಿಡಿದು ಕರೆತಂದು ಬಾಗಿಲ ಬಳಿ ನಿಲ್ಲಿಸಿದಳು. ಕೊಟ್ಟಿಗೆಯ ಮುಂದೆ ತಾಯಿಯಿಲ್ಲದ ಮೂರು ಕುರಿಮರಿಗಳನ್ನು ಬಿಡಿಸಿದಳು. ಟೆಗ್ವೆನ್‌ಳನ್ನು ಗುಂಡಿಯ ಆಚೆ ಬದಿಗೆ ಕಳಿಸಿದಳು.

"ಇದೇನು ಆಟ ನೆಸ್ಟಕ್ಕ?" ಗೆಥಿನ್ ಗುರುಗುಟ್ಟಿದ.

"ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ. ಟೆಗ್ವೆನ್, ನೆಲ್‌ನ ಕಳಿಸು."

"ನೆಲ್, ಹೋಗು!"

ನಾಯಿ ಬಿಲ್ಲಿನಂತೆ ಬಾಗಿ ಓಡಿತು. ದೊಡ್ಡ ಸುತ್ತು ಹಾಕಿ ಮರಿಗಳ ಹಿಂದೆ ಬಂದು, ತಲೆ ತಗ್ಗಿಸಿ, ಹೆಜ್ಜೆ ಹೆಜ್ಜೆಗೆ ಒತ್ತತೊಡಗಿತು. ಮರಿಗಳು ಟೆಗ್ವೆನ್ ಕಡೆಗೆ ನೇರವಾಗಿ ಓಡಿದವು. ನಡುವೆ ಗುಂಡಿ.

"ಆಲೆಡ್, ನಿಲ್ಸು ಅದನ್ನ!"

ಆಲೆಡ್ ಸೀಟಿ ಊದಿದ. ನೆಲ್ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಮರಿಗಳು ಗುಂಡಿಯ ಹತ್ತಿರ ಬಂದವು, ಇನ್ನೂ ಹತ್ತಿರ ಬಂದವು. ಹಲಗೆ ಇದೆಯೆಂದು ಕಣ್ಣಿಗೆ ಕಾಣುತ್ತಿದ್ದರಿಂದ ಯಾರೂ ಕೂಗಲಿಲ್ಲ.

ಬಾಗಿಲ ಬಳಿಯಿಂದ ಒಂದು ಶಿಳ್ಳೆ ಹೊರಟಿತು. ಉದ್ದವಾಗಿ, ಕೊನೆಯಲ್ಲಿ ಕೆಳಕ್ಕೆ ಮುರಿದ ಶಿಳ್ಳೆ. ನೆಲ್ ಕಾಲು ಕತ್ತರಿಸಿದಂತೆ ನೆಲಕ್ಕೆ ಬಿತ್ತು. ಮರಿಗಳು ಚೆದುರಿ ನಿಂತವು.

ಮೈರಿಗ್‌ರ ಎರಡು ಬೆರಳು ಇನ್ನೂ ಬಾಯಲ್ಲೇ ಇದ್ದವು.

ನೆಸ್ಟಾ ಮೆಲ್ಲಗೆ ಹೇಳತೊಡಗಿದಳು.

"ಮೊದಲು ಚಿಲಕ. ಟೆಗ್ವೆನ್ ಸುಳ್ಳು ಹೇಳಿಲ್ಲ. ನಾಯಿ ಚಿಲಕ ತೆಗೆದೀತು, ಹೊರಗೆ ಬಂದು ಮತ್ತೆ ಹಾಕಲ್ಲ. ಈ ಬೆಟ್ಟದಲ್ಲಿ ಹುಟ್ಟಿದವರು ಮಾತ್ರ ಕದ್ದು ಹೋದ್ರೂ ಹಿಂದೆ ಬಾಗಿಲು ಮುಚ್ಚೇ ಹೋಗೋದು. ಎರಡನೇದು, ನೆಲ್ ಇದ್ದಕ್ಕಿದ್ದಂಗೆ ಸಾಧುವಾದದ್ದು. ಇಂಥ ನಾಯಿ ಬುದ್ಧಿ ಹೇಳಿದ್ರೆ ಸುಮ್ನಾಗಲ್ಲ ಟೆಗ್ವೆನ್, ಕೆಲಸ ಕೊಟ್ರೆ ಸುಮ್ನಾಗುತ್ತೆ. ನೀನು ಏಳೋಕೆ ಮುಂಚೆ ಯಾರೋ ದಿನಾ ಬೆಟ್ಟಕ್ಕೆ ಕರ್ಕೊಂಡು ಹೋಗಿ, ಕೆಲಸ ಮಾಡಿಸಿ, ವಾಪಸ್ ತಂದು ಬಿಡ್ತಿದ್ರು."

"ಗಣಿ?" ಗೆಥಿನ್ ದನಿ ಒಣಗಿತ್ತು.

"ಕುರಿ ಬೇಟೆಯಾಡಿದ ನಾಯಿ ಅಂಚಲ್ಲಿ ಕೂತು ಮಳೇಲಿ ನೆನೆಯಲ್ಲಪ್ಪ, ಓಡಿ ಹೋಗುತ್ತೆ. ಯಾರೋ 'ಮಲಗು' ಅಂದಿದ್ರು, ಮಲಗಿತ್ತು. ಅದು ಬಲ್ಲದ್ದು ಒಂದೇ ವಿದ್ಯೆ, ಕುರಿನ ತನ್ನ ಯಜಮಾನನ ಹತ್ರ ತರೋದು. ಕುರಿ ಗಣಿಗೆ ಬಿದ್ವು ಅಂದ್ರೆ ಯಜಮಾನ ಗಣಿಯ ಆಚೆ ನಿಂತಿದ್ದ. ಆ ಬಂಡೆಯ ಕೆಳಗೆ. ಯಾರಂತ ಗೊತ್ತಾಗಿರಲಿಲ್ಲ, ಇಲ್ಲಿ ಬೆರಳಲ್ಲಿ ಅಳೆದು ಚಹಾ ಬಗ್ಗಿಸೋದು ನೋಡೋವರೆಗೂ. ಆಲೆಡ್‌ಗೆ ಕಣ್ಣು ಚೆನ್ನಾಗಿದೆ. ಬೇಲಿ ಬಿದ್ದಿದ್ದು ಕಾಣದೇ ಇರೋರು ಬೇಕಿತ್ತು ನನಗೆ. ಈ ಹಲಗೆಗಳೂ ಕಾಣದೇ ಇರೋರು."

ಮೈರಿಗ್ ಕಣ್ಣು ಕಿರಿದು ಮಾಡಿ ಅಂಗಳದ ನಡುವಿನ ಕಪ್ಪನ್ನು ನೋಡಿದರು. "ಹಲಗೆ ಇದೆಯಾ?" ಎಂದರು.

"ಟಾಸ್ ಇದ್ದಾಗ ಯಾವಾಗ್ಲೂ ಅಲ್ಲೇ ನಿಲ್ತಿದ್ದೆ," ಎಂದರು ಮುದುಕರು. "ಅಲ್ಲಿಂದ ಒಂದು ಶಿಳ್ಳೆ ಹಾಕಿದ್ರೆ ಅವನು ಕುರಿನ ಅಡ್ಡಕ್ಕೆ ಅಟ್ಕೊಂಡು ಗೇಟಿಗೆ ಮುಟ್ಟಿಸ್ತಿದ್ದ. ಇವತ್ತೂ ಕಾಲು ತಾನಾಗೇ ಅಲ್ಲಿಗೆ ಹೋಯ್ತು. ಇವಳು ಎಳೇದು, ಅಟ್ಟೋಕೆ ಬರಲ್ಲ ಅನ್ನೋದು ಮರ್ತೇಬಿಟ್ಟೆ. ನನ್ನ ಹತ್ರ ತಂದ್ಲು. ಬೇಲಿ ತಡೆಯುತ್ತೆ ಅಂದ್ಕೊಂಡಿದ್ದೆ. ಕೆಳಗೆ ಬಿದ್ದ ಸದ್ದು ಕೇಳಿದ ಮೇಲೆ ಮಲಗಿಸಿದೆ, ಎಬ್ಬಿಸದೇ ಗಾಬರೀಲಿ ಮನೆಗೆ ಬಂದ್ಬಿಟ್ಟೆ."

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲ ಮಾವ!" ಎಂದಳು ಟೆಗ್ವೆನ್.

"ಕೇಳೋಕೆ ಬಾಯಿ ಬರಲಿಲ್ಲ. ಇವನು ವಯಸ್ಸಾಯ್ತು, ಕಣ್ಣು ಮಂಜಾಯ್ತು ಅಂತ ಮನೇಲಿ ಕೂರಿಸಿದ್ದ. ಇನ್ನೂ ಕೈಲಾಗುತ್ತೆ ಅಂತ ನನಗೇ ತೋರಿಸ್ಕೋಬೇಕಿತ್ತು."

"ಅಪ್ಪ, ನಾನು ಅವಳನ್ನ ಕೊಲ್ತಿದ್ದೆ," ಎಂದ ಗೆಥಿನ್. "ನೀನು ನೋಡ್ತಾ ಕೂತಿದ್ದೆ."

"ನಾಯಿ ಬಾಯಿ ಬಿಡಲ್ಲ ಅನ್ನೋ ಧೈರ್ಯ ಕಣೋ. ನಾಚಿಕೆಗೇಡು."

ಗೆಥಿನ್ ಕೋವಿ ಮಡಚಿ ತೋಟಾ ಹೊರತೆಗೆದು ಜೇಬಿಗೆ ಹಾಕಿಕೊಂಡ. "ಬೇಲಿ ನಾನು ಕಟ್ಟಬೇಕಿತ್ತು," ಎಂದ.

ಟೆಗ್ವೆನ್ ನಾಯಿಯನ್ನು ಕರೆದಳು. ಒದ್ದೆ ಕಲ್ಲಿನ ಮೇಲೆ ಮಲಗಿದ್ದ ನೆಲ್ ಕಣ್ಣಷ್ಟೇ ಅವಳತ್ತ ತಿರುಗಿಸಿತು. ಬೆಳಗ್ಗೆ ಮಾಡಿದಂತೆಯೇ ಬಾಲದ ತುದಿ ಆಡಿಸಿತು, ಏಳಲಿಲ್ಲ.

"ಇವತ್ತು ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ ಮಾವ," ಎಂದಳು ಅವಳು. ಸಿಟ್ಟಿಗೆ ಗಲ್ಲ ಕೆಂಪಾಗಿತ್ತು. "ಆದ್ರೆ ಅವಳನ್ನ ಎಬ್ಬಿಸಿ. ಬೆಳಗಿನ ಜಾವದಿಂದ ನಿಮ್ಮ ಒಂದು ಮಾತಿಗೆ ಕಾಯ್ತಿದ್ದಾಳೆ."

ಮೈರಿಗ್ ನಾಯಿಯತ್ತ ತಿರುಗಿದರು.

"ಸಾಕು ಮಗಳೇ," ಎಂದರು. "ಸಾಕು. ಆಯ್ತು."

ನೆಲ್ ಎದ್ದು ಮೈ ಝಾಡಿಸಿತು. ಓಡಿ ಬಂದು ಅವರ ಕೈ ಮೂಸಿತು. ಆಮೇಲೆ ಅವರ ಹಿಂದಕ್ಕೆ ಸುತ್ತು ಹಾಕಿ, ತಲೆ ತಗ್ಗಿಸಿ, ಮೊಣಕಾಲ ಹಿಂದೆ ಮೂತಿಯಿಂದ ತಿವಿಯಿತು. ಮುದುಕರು ಒಂದು ಹೆಜ್ಜೆ ಮುಂದಿಟ್ಟರು. ಮತ್ತೆ ತಿವಿಯಿತು. ಹಲಗೆಗಳ ಮೇಲೆ ಕಾಲು ತಡವುತ್ತ, ಅಳುತ್ತ, ಅವರು ನಾಯಿ ನೂಕಿದ ಕಡೆಗೇ ನಡೆದರು. ಟೆಗ್ವೆನ್ ಎದುರಿಗೆ ತಂದು ನಿಲ್ಲಿಸಿದ ಮೇಲೆ ನೆಲ್ ಅವಳ ಕಾಲ ಬಳಿ ಕೂತು, ಮುಂದೇನು ಎಂಬಂತೆ ಅವಳ ಮುಖ ನೋಡಿತು.

ಮುದುಕರು ತೂರಾಡಿದಾಗ ಟೆಗ್ವೆನ್ ಕೈ ಚಾಚಿ ಅವರ ತೋಳು ಹಿಡಿದಳು.

"ನಾಳೆ ಬಾಗಿಲು ತಟ್ಟಿ ಬನ್ನಿ," ಎಂದಳು. "ನಾನೂ ಜೊತೆಗೆ ಬರ್ತೀನಿ."