ಏಳನೇ ತಗಡಿಗೆ ಬಂದ ಬಳ್ಳಿ

ಹಿಂದಕ ಹಿಂದಕ, ಕಲ್ಲಿಗೆ ಬಾಯಿ ಇದ್ದ ಕಾಲದಾಗ, ಒಂದು ಗುಡ್ಡದ ಬುಡಕ್ಕ ಏಳು ಮನೀ ಇದ್ವು. ಏಳನೇ ಮನ್ಯಾಗ ಒಬ್ಬ ಹುಡುಗಿ. ಆಕಿನ್ನ ಕೇಳಾಕ ಬಂದವಗ ಆಕಿ ಒಂದು ಆಗಲಾರದ ಕೆಲಸ ಹೇಳಿದ್ಳು.

ಕೊಂಡಮ್ಮಜ್ಜಿಯ ಕಥೆಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಮೊಮ್ಮಗಳು ಶ್ರಾವಣಿಗೆ ಪ್ರತಿಸಲವೂ ಒಂದೇ ಕುತೂಹಲ. ಆತ ಕೆಲಸ ಮುಗಿಸುವ ತನಕ ಹುಡುಗಿ ಏನು ಮಾಡುತ್ತಿದ್ದಳು? ಸುಮ್ಮನೆ ಕೂತಿದ್ದಳೇ? ಅಜ್ಜಿ ಅದೊಂದನ್ನು ಹೇಳುತ್ತಿರಲಿಲ್ಲ.

ಆದೋನಿಯ ಗುಡ್ಡದ ಓಣಿಯಲ್ಲಿ ಶ್ರಾವಣಿಯದೂ ಏಳನೇ ಮನೆಯೇ. ತಗಡಿನ ಮನೆ, ಬಾಗಿಲಲ್ಲಿ ಹೊಲಿಗೆ ಮಷೀನು, ಒಳಗೆ ಅಜ್ಜಿ. ಅಜ್ಜಿಗೆ ರಕ್ತ ಕಡಿಮೆ, ಸೊಪ್ಪು ತರಕಾರಿ ತಿನ್ನಿಸು ಎಂದು ನರ್ಸಮ್ಮ ಎರಡು ಸಲ ಹೇಳಿ ಹೋಗಿದ್ದರು. ಆದರೆ ತಳ್ಳುಬಂಡಿಗಳು ಈ ಕಲ್ಲುದಾರಿ ಹತ್ತುವುದಿಲ್ಲ. ಓಣಿಯ ಅಂಗಡಿಯಲ್ಲಿ ಚಿಪ್ಸ್ ಉಂಟು, ಉಳ್ಳಾಗಡ್ಡಿ ಉಂಟು, ಅಷ್ಟೇ. ಅಜ್ಜಿಯ ತಟ್ಟೆಯಲ್ಲಿ ದಿನಾ ರೇಷನ್ ಅನ್ನ, ಹುಣಸೆಹಣ್ಣಿನ ಸಾರು.

ಜೂನಿನ ಮೊದಲ ಮಳೆ ಬಿದ್ದ ಮರುದಿನ, ಮೊದಲನೇ ಮನೆಗೆ ಬಾಡಿಗೆಗೆ ಬಂದವನು ಹಾರೆಯಿಂದ ಗೋಡೆಬುಡ ಅಗೆಯುತ್ತಿದ್ದ. ನಲ್ಲಿಯ ಪೈಪು ಒಡೆಯುತ್ತಾನೆಂದು ಶ್ರಾವಣಿ ಕೊಡ ಅಲ್ಲೇ ಇಟ್ಟು ಓಡಿಹೋಗಿ ಬೈದಳು. ಆತ ಪೂರ್ತಿ ಬೈಸಿಕೊಂಡು, ಮುಷ್ಟಿ ಬಿಚ್ಚಿ ತೋರಿಸಿದ. ನಾಲ್ಕು ಕುಂಬಳ ಬೀಜ.

ಹೆಸರು ಸೂರಿ, ಊರು ಪೆದ್ದಕಡುಬೂರು, ಗಾರೆ ಕೆಲಸ. ನಗುವಾಗ ರೆಪ್ಪೆಯ ಮೇಲಿನ ಸಿಮೆಂಟ್ ಧೂಳು ಉದುರುತ್ತಿತ್ತು. ಅದನ್ನು ತಾನು ಯಾಕೆ ಗಮನಿಸಿದೆ ಎಂದು ಶ್ರಾವಣಿಗೆ ಆ ದಿನವಿಡೀ ಆಶ್ಚರ್ಯ.

ಬಳ್ಳಿ ಮೊದಲನೇ ತಗಡು ಹತ್ತುವಷ್ಟರಲ್ಲಿ ಸೂರಿಯ ಒಂದೇ ಅಂಗಿ ಮೂರು ಸಲ ಹರಿದು ಅವಳ ಮಷೀನಿಗೆ ಬಂತು.

“ಇದು ತಾನಾಗೇ ಹರದಿದ್ದಲ್ಲ, ಬೇಕಂತ ಹರದಿದ್ದು,” ಎಂದಳು ಆಕೆ, ಕಣ್ಣೆತ್ತದೆ.

“ನಿಮಗ ಒಂದು ಮಾತು ಹೇಳೋದಿತ್ತು.”

ಸೂಜಿ ನಿಂತಿತು. ಆ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಕೇಳುವ ಆಸೆಯೂ ಇತ್ತು. ಆದರೆ ಅಜ್ಜಿಯ ಕಥೆಗಳನ್ನು ಕೇಳಿ ಬೆಳೆದ ಹುಡುಗಿ ಅಷ್ಟು ಸುಲಭಕ್ಕೆ ಕೇಳುತ್ತಾಳೆಯೇ?

“ನಿಮ್ಮ ಬಳ್ಳಿ ತಾನಾಗೇ ನಡಕೊಂಡು ನಮ್ಮನಿ ಮ್ಯಾಲ ಬಂದು, ಕಾಯಿ ಬಿಟ್ಟು, ನಮ್ಮ ಅಜ್ಜಿ ತಾಟಿಗೆ ಬೀಳಲಿ. ಅವತ್ತು ಕೇಳ್ತೀನಿ. ಆರನೇ ಮನೀಗೂ ನಮ್ಮನಿಗೂ ನಡುವಿನ ಕೊನೀ ಸಂದಿ ನೀವು ಕೈಯಾರೆ ದಾಟಿಸಂಗಿಲ್ಲ.”

ಸೂರಿ ಏಳೂ ತಗಡುಗಳನ್ನು ಒಮ್ಮೆ ನೋಡಿದ. “ಸರೇ,” ಎಂದ.

ಅಂದಿನಿಂದ ಓಣಿಗೆ ಸೂರಿಯ ಒಂದು ಕಟ್ಟಳೆ ಬಂತು: ಕಾಯಿ ಯಾರ ತಗಡಿನ ಮೇಲೆ ಕೂರುತ್ತದೋ ಅವರದ್ದು. ಪ್ರತಿ ಮನೆಯ ಗೋಡೆಗೊಂದು ಸಿಮೆಂಟ್ ಚೀಲ, ಅದರ ತುಂಬ ಮಣ್ಣು. ಬಳ್ಳಿಯ ಒಂದು ಗೆಣ್ಣನ್ನು ಎಳೆದು ಅದರಲ್ಲಿ ಹೂತರೆ ಅಲ್ಲೇ ಹೊಸ ಬೇರು ಬಿಡುತ್ತಿತ್ತು. ಅಕ್ಕಿ ತೊಳೆದ ನೀರು ಆ ಮನೆಯವರು ಹಾಕಬೇಕು. ಎರಡನೇ ಮನೆಯವರು ಎಲೆಯ ಪಲ್ಯ ಉಂಡರು, ಮೂರನೆಯವರು ಹೂವಿನ ಬಜ್ಜಿ. ಕಾಯಿಯ ಕೆಳಗಿಡಲು ಶ್ರಾವಣಿ ಚೂರುಬಟ್ಟೆಯ ಸಿಂಬಿ ಹೊಲಿದು ಕೊಟ್ಟಳು.

ಆರನೇ ಮನೆಯ ವೀರಬಸಮ್ಮ ಮಾತ್ರ ಒಪ್ಪಲಿಲ್ಲ. ಬಳ್ಳಿ ಬಂದರೆ ಚೇಳು ಬರುತ್ತದೆಂದು ವಾದ. ಸೂರಿ ದಿನಾ ಕೇಳಿ ದಿನಾ ಬೈಸಿಕೊಂಡು ಇಳಿಯುತ್ತಿದ್ದ. ಬಳ್ಳಿ ಐದನೇ ತಗಡಿನಂಚಲ್ಲಿ ಹದಿನೈದು ದಿನ ತಲೆ ಎತ್ತಿ ನಿಂತಿತು. ಶ್ರಾವಣಿ ಬ್ಲೌಸಿಗೆ ಎರಡು ಸಲ ತೋಳು ತಿರುವುಮುರುವಾಗಿ ಹೊಲಿದಳು.

ಒಂದು ಗಾಳಿಯ ದಿನ ಐದನೇ ಮನೆಯ ಕುಂಬಳ ಸಿಂಬಿ ಸಮೇತ ಜಾರಿ ವೀರಬಸಮ್ಮನ ತಗಡಿನ ಮೇಲೆ ಕೂತಿತು. ಕಟ್ಟಳೆ ಕಟ್ಟಳೆಯೇ. ಅವರು ಬೆಲ್ಲ ಹಾಕಿ ಪಲ್ಯ ಮಾಡಿ ಉಂಡರು. ಮರುದಿನ ಅವರ ಗೋಡೆಗೂ ಒಂದು ಚೀಲ ಮಣ್ಣು ಬಂದಿತ್ತು. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ.

ಉಳಿದದ್ದು ಕೊನೆಯ ಸಂದಿ, ಎರಡು ಮೊಳ ಅಗಲ, ಕೆಳಗೆ ಚರಂಡಿ. ಬಳ್ಳಿಯ ತುದಿ ಗಾಳಿಯಲ್ಲಿ ಹುಡುಕಿ ಹುಡುಕಿ ಜೋತು ಬೀಳುತ್ತಿತ್ತು. ಸೂರಿ ಕೈಕಟ್ಟಿ ನಿಂತು ನೋಡುತ್ತಿದ್ದ, ಕೊಟ್ಟ ಮಾತು.

ಮೂರನೇ ದಿನ ಆತ ಬೆಳಿಗ್ಗೆ ಬಂದಾಗ, ಏಳನೇ ತಗಡಿನಿಂದ ಒಂದು ಉದ್ದನೆಯ ಹತ್ತಿಕಟ್ಟಿಗೆ ಸಂದಿಯ ಕಡೆ ಚಾಚಿತ್ತು. ಬಳ್ಳಿಯ ಎಳೆ ಅದನ್ನು ಸ್ಪ್ರಿಂಗಿನಂತೆ ಸುತ್ತಿ ಹಿಡಿದಿತ್ತು.

“ಈ ಕಟ್ಟಿಗಿ ಯಾರು ಕಟ್ಯಾರ?”

“ಗಾಳಿ,” ಎಂದಳು ಶ್ರಾವಣಿ.

“ಗಾಳಿಗೆ ನೀಲಿ ಬ್ಲೌಸ್ ಪೀಸಿನ ಗಂಟು ಹಾಕಾಕ ಬರ್ತೈತೇನು?”

ಅವಳ ಕಿವಿಯ ತುದಿ ಕೆಂಪಾಯಿತು. “ಕೈ ಹಚ್ಚಬಾರದು ಅಂದಿದ್ದು ನಿಮಗ. ನನಗಲ್ಲ.”

ಒಳಗೆ ಅಜ್ಜಿ ಕೆಮ್ಮಿದಂತೆ ನಕ್ಕಿದ್ದು ಇಬ್ಬರಿಗೂ ಕೇಳಿಸಿತು. ಕಥೆಯ ಹುಡುಗಿ ಏನು ಮಾಡುತ್ತಿದ್ದಳೆಂದು ಶ್ರಾವಣಿಗೆ ಆಗ ಗೊತ್ತಾಯಿತು.

ದೀಪಾವಳಿಯ ಹೊತ್ತಿಗೆ ಏಳನೇ ತಗಡಿನ ಮೇಲೆ ಒಂದು ಕುಂಬಳ ಬಲಿತಿತ್ತು. ಸೂರಿಯೇ ಇಳಿಸಿದ. ಶ್ರಾವಣಿ ಹೆಚ್ಚುವಾಗ ಆತ ಹೊಸ್ತಿಲಲ್ಲಿ ಕೂತು, ತಿಂಗಳುಗಟ್ಟಲೆ ಹಿಡಿದಿಟ್ಟಿದ್ದ ಮಾತನ್ನು ಹೊರಗೆ ತೆಗೆದ.

“ನನ್ನ ಮನಸು ನಿಮ್ಮ ತಗಡಿನ ಮ್ಯಾಲ ಬಂದು ಕುಂತು ಭಾಳ ದಿನ ಆತು. ಓಣಿ ಕಟ್ಟಳಿ ಪ್ರಕಾರ ಅದು ಯಾರದು?”

“ನಮ್ಮದು.”

“ಕಾಯೋ, ಮನಸೋ?”

“ಎರಡೂ. ಆದ್ರ ತಡೀರಿ, ಕೆಲಸ ಇನ್ನೂ ಮುಗಿದಿಲ್ಲ.”

ಬಿಸಿ ಪಲ್ಯವನ್ನು ಅವಳು ಅಜ್ಜಿಯ ತಟ್ಟೆಗೆ ಬಡಿಸಿದಳು. ಇಬ್ಬರೂ ಉಸಿರು ಹಿಡಿದು ನೋಡಿದರು. ಕೊಂಡಮ್ಮಜ್ಜಿ ಮೊದಲ ತುತ್ತನ್ನು ನಿಧಾನಕ್ಕೆ ಅಗಿದು ನುಂಗಿದರು. ಆಮೇಲೆ ಇನ್ನಷ್ಟು ಹಾಕೆಂದು ತಟ್ಟೆಯನ್ನು ಮುಂದೆ ಚಾಚಿದರು.