ತೇಲದೆ ಹೋದ ಪಾಚಿ

ಬೆಳಗ್ಗೆ ಐನ್ ಜರ್ದಾ ಊರಿನ ನಲ್ಲಿಗಳಲ್ಲಿ ಹಸಿರು ನೀರು ಬಂತು. ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ತುಂಬಿಹೋಯಿತು.

ಇನ್ಸ್‌ಪೆಕ್ಟರ್ ಝೊಹ್ರಾ ನೀರು ಶುದ್ಧೀಕರಣ ಘಟಕಕ್ಕೆ ಬಂದಳು. ಮುಖ್ಯಸ್ಥ ಅಬ್ದೆನ್ನೂರ್ ತೊಟ್ಟಿಯ ಪಕ್ಕದಲ್ಲೇ ನಿಂತಿದ್ದ.

"ಗಾಳಿಯ ವಾಲ್ವ್ ಯಾರೋ ಮುಚ್ಚಿದ್ದಾರೆ ಮೇಡಂ."

"ಮುಚ್ಚಿದ್ರೆ ಏನಾಗುತ್ತೆ?"

"ಗಾಳಿ ಕರಗಿಸಿದ ನೀರನ್ನ ತಳದಿಂದ ಬಿಡ್ತೀವಿ. ಸಣ್ಣ ಗುಳ್ಳೆ ಹಾಲಿನ ಹಾಗೆ ಎದ್ದು ಅಣೆಕಟ್ಟಿನ ಪಾಚೀನ ಮೇಲೆ ತೇಲಿಸ್ತವೆ. ಅದನ್ನ ಕೆರೆದು ತೆಗೀತೀವಿ. ಕೆಳಗಿನ ತಿಳಿನೀರು ಊರಿಗೆ. ಗುಳ್ಳೆ ನಿಂತ್ರೆ ಪಾಚಿ ಕೆಳಗೇ ಉಳಿಯುತ್ತೆ."

"ಯಾರ ಮೇಲೆ ಅನುಮಾನ?"

"ಲಖ್ದರ್. ಹೋದ ತಿಂಗಳು ಕೆಲಸದಿಂದ ತೆಗೆದೆ. ನಿನ್ನೆ ಸಂಜೆ ಇಲ್ಲೇ ಸುಳಿದಾಡ್ತಿದ್ದ."

ಲಖ್ದರ್ ಔಷಧಿ ಅಂಗಡಿಯ ಮುಂದೆ ಸಿಕ್ಕಿದ.

"ಕೆಲಸ ವಾಪಸ್ ಕೊಡಿ ಅಂತ ಕೇಳೋಕೆ ಹೋಗಿದ್ದೆ, ಅಷ್ಟೇ ಅಕ್ಕಾ!"

"ಅಕ್ಕ ಗಿಕ್ಕ ಅಂದ್ರೆ ಹಲ್ಲು ಉದುರಿಸ್ತೀನಿ."

ಬೇಡಿ ಬಿತ್ತು. ಗುಂಪಿನಲ್ಲಿ ಯಾರೋ ಅವನ ಮೇಲೆ ಉಗಿದರು. ಝೊಹ್ರಾ ತಡೆಯಲಿಲ್ಲ.

\* \* \*

ಮರುದಿನದ ಪತ್ರಿಕೆಯಲ್ಲಿ ಒಂದು ಫೋಟೋ ಇತ್ತು. ನೀರು ಕೆಡುವ ಹಿಂದಿನ ಮಧ್ಯಾಹ್ನ ಪ್ರಾಂತಾಧಿಕಾರಿ ಘಟಕಕ್ಕೆ ಬಂದಾಗ ತೆಗೆದದ್ದು. ಝೊಹ್ರಾ ಅದನ್ನು ದಿಟ್ಟಿಸಿ ನೋಡಿದಳು. ತೊಟ್ಟಿಯ ಅಂಚಿನಲ್ಲಿ ಪ್ರಾಂತಾಧಿಕಾರಿಯ ಪಕ್ಕ ಅಬ್ದೆನ್ನೂರ್ ನಿಂತಿದ್ದ.

ಘಟಕದ ಕೆಲಸದವರನ್ನು ವಿಚಾರಿಸಿ, ನೇರ ಹೋಗಿ ಪತ್ರಿಕೆಯನ್ನು ಅಬ್ದೆನ್ನೂರನ ಮೇಜಿನ ಮೇಲಿಟ್ಟಳು.

"ತೊಟ್ಟಿಯಲ್ಲಿ ಪಾಚಿ ತೇಲಬೇಕು ಅಂದೋರು ನೀವೇ. ಇಲ್ಲಿ ಎಲ್ಲಿದೆ?"

"ಆಗಷ್ಟೇ ಕೆರೆದಿದ್ವಿ."

"ಹಾಲಿನಂಥ ಗುಳ್ಳೆನೂ ಕೆರೆದ್ರಾ? ನೀರಲ್ಲಿ ನಿಮ್ಮ ಮುಖ ಕನ್ನಡೀಲಿ ಕಂಡ ಹಾಗೆ ಕಾಣ್ತಿದೆ. ಅಂದ್ರೆ ಗಾಳಿ ಮಧ್ಯಾಹ್ನವೇ ನಿಂತಿತ್ತು. ಲಖ್ದರ್ ಬಂದದ್ದು ಸಂಜೆ. ಕೆಲಸದವರನ್ನೆಲ್ಲ ಊಟದ ಏರ್ಪಾಡಿಗೆ ಕಳಿಸಿ, ಇಲ್ಲಿ ಒಬ್ಬರೇ ಉಳಿದದ್ದು ಯಾರು?"

ಅಬ್ದೆನ್ನೂರ್ ಕುರ್ಚಿಯಲ್ಲಿ ಕುಗ್ಗಿದ.

"ಹೋದ ಸಲ ಬಂದಾಗ ಪ್ರಾಂತಾಧಿಕಾರಿ ಮೇಲೆ ತೇಲೋ ಆ ಪಾಚಿ ಕೆನೆ ನೋಡಿ ಮೂಗು ಮುಚ್ಕೊಂಡ್ರು. ಇದನ್ನೇ ಕುಡಿಸ್ತೀರಾ ಅಂದ್ರು. ಮಾನ ಹೋದ ಹಾಗಾಯ್ತು. ಈ ಸಲ ಅವರು ಹೋಗೋವರೆಗೆ ವಾಲ್ವ್ ಮುಚ್ಚಿ, ಆಮೇಲೆ ತೆಗೆಯೋಣ ಅಂದ್ಕೊಂಡೆ. ಉಪಚಾರದಲ್ಲಿ ಮರೆತೇಬಿಟ್ಟೆ."

"ಲಖ್ದರ್?"

"ನೀವು ಕೇಳಿದ್ರಿ. ಅವನ ಹೆಸರು ಬಾಯಿಗೆ ಬಂತು."

\* \* \*

ಲಾಕಪ್ಪಿನ ಬಾಗಿಲು ತೆರೆಯುವಾಗ ಝೊಹ್ರಾಳಿಗೆ ಲಖ್ದರನ ಮುಖ ನೋಡಲಾಗಲಿಲ್ಲ.

"ತಪ್ಪು ನಂದು ತಮ್ಮಾ."

"ನನ್ನ ಮಗಳೂ ಅದೇ ನೀರು ಕುಡಿದು ವಾರ್ಡಿನಲ್ಲಿದಾಳೆ," ಎಂದ ಲಖ್ದರ್. "ಅಪ್ಪನೇ ಮಾಡಿದ ಅಂತ ಅಲ್ಲಿ ಎಲ್ಲರೂ ನಂಬಿದಾರೆ. ಹೇಳೋದಿದ್ರೆ ಅಲ್ಲಿ ಬಂದು ಹೇಳಿ."

ಅವನನ್ನು ಕಂಡೊಡನೆ ವಾರ್ಡಿನ ತಾಯಂದಿರು ಎದ್ದು ನಿಂತರು. ಝೊಹ್ರಾ ಟೋಪಿ ತೆಗೆದಳು.

"ಇವನು ಏನೂ ಮಾಡಿಲ್ಲ. ವಿಚಾರಿಸದೆ ಹಿಡಿದದ್ದು ನಾನು."