ಎಡೆಗಿಟ್ಟ ಫೋನು

ದುಡ್ಡು ಕೊಟ್ಟು ತಂದ ಪದಾರ್ಥವನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ ಎಂದು ಅಳಿಯ ವಸಂತ್ ಹೇಳಿದ್ದನ್ನು ಆಂಜನಮ್ಮ ನಂಬಲಿಲ್ಲ. ಸೀರೆ ಕೊಡಬಹುದು, ಬಳೆ ಕೊಡಬಹುದು, ಹೊಲವನ್ನೇ ಕೊಡಬಹುದು. ಹೊರಮಾವಿನಲ್ಲಿ ಅವಳ ಮಾವ ಕೆರೆ ಪಕ್ಕದ ರಾಗಿ ಹೊಲವನ್ನು ಒಂದೇ ಹೆಬ್ಬೆಟ್ಟಿನಲ್ಲಿ ಅಪಾರ್ಟ್‌ಮೆಂಟಿನವರಿಗೆ ಕೊಟ್ಟಿದ್ದ. ಏಳು ಹಾಡು ಕೊಡಲು ಬರುವುದಿಲ್ಲವೆಂದರೆ ಕೊಡಲು ಮನಸ್ಸಿಲ್ಲವೆಂದೇ ಅರ್ಥ.

ಆ ಏಳನ್ನೂ ಹಾಡಿದ್ದು ಅವಳ ಮಗಳು ಹಂಸ. ಕಳೆ ಕೀಳುವಾಗ, ರಾಗಿ ಬೀಸುವಾಗ ಆಂಜನಮ್ಮ ಹೇಳುತ್ತಿದ್ದ ಪದಗಳನ್ನು ಹಂಸ ಕೇಳಿ ಕಲಿತು, ಇಂದಿರಾನಗರದ ಸಣ್ಣದೊಂದು ಕಂಪನಿಯ ಸ್ಟುಡಿಯೋದಲ್ಲಿ ಹಾಡಿ ಬಂದಿದ್ದಳು. ಕಂಪನಿ ಅವನ್ನು ಫೋನಿನ ಆ್ಯಪ್‌ನಲ್ಲಿ ಮಾರುತ್ತಿತ್ತು. ಹಾಡಿದವಳಿಗೂ ಪುಕ್ಕಟೆ ಇರಲಿಲ್ಲ. ಹಂಸ ತನ್ನ ದನಿಯನ್ನು ತಾನೇ ಕೊಂಡುಕೊಂಡಳು. "ನಿನ್ನ ಫೋನಿಗೂ ಕೊಂಡ್ಕೊಡ್ತೀನಮ್ಮ" ಅಂದಾಗ ಆಂಜನಮ್ಮ ನಕ್ಕಿದ್ದಳು. "ನೀನೇ ಎದುರಿಗಿರುವಾಗ ಅದ್ಯಾತಕ್ಕೆ ಕಣೇ?"

ಮೂರು ದಿನದ ಜ್ವರಕ್ಕೆ ಹಂಸ ಹೋಗಿಬಿಟ್ಟಳು. ಅವಳ ಹಿಂದೆಯೇ ಕಂಪನಿಯೂ ಅಂಗಡಿ ಮುಚ್ಚಿತು. ಹೊಸದಾಗಿ ಕೊಳ್ಳುವಂತಿಲ್ಲ, ಹಿಂದೆ ಕೊಂಡವರು ಕೊಂಡ ಫೋನಿನಲ್ಲಿ ಮಾತ್ರ ಕೇಳಿಕೊಳ್ಳಬಹುದು. ಹಂಸನ ಫೋನು ಹೊಸ ತಿಪ್ಪಸಂದ್ರದಲ್ಲಿ ವಸಂತನ ಬಳಿ ಇತ್ತು.

"ಲಾಕ್ ಇದೆ ಅತ್ತೆ. ಕಾಪಿ ಆಗಲ್ಲ, ಕಳ್ಸೋಕೂ ಆಗಲ್ಲ. ಕಂಪನಿಯೋರಿಗೆ ಬರೆದಿದೀನಿ, ನೋಡೋಣ" ಎಂದಿದ್ದ ಅವನು.

"ಊರೋರೆಲ್ಲ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಜೊತೆ ಹಾಡು ಕಳುಸ್ತಾರೆ. ನಿನ್ನ ಫೋನಿಗೊಂದೇ ಬೀಗವೇನಪ್ಪಾ?"

"ಅವೆಲ್ಲ ಕದ್ದಿರೋದು ಅತ್ತೆ. ಇದು ಕೊಂಡಿದ್ದು. ಕೊಂಡಿದ್ದಕ್ಕೇ ಬೀಗ."

ಒಮ್ಮೆ ಇನ್ನೊಂದು ಫೋನು ಹತ್ತಿರ ಹಿಡಿದು ಒಂದು ಹಾಡನ್ನು ರೆಕಾರ್ಡ್ ಮಾಡಿ ಕಳಿಸಿದ್ದ. ಹಂಸನ ದನಿ ಬಾವಿಯ ತಳದಿಂದ ಬಂದಂತಿತ್ತು, ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗಿತ್ತು. ಎರಡನೇ ಸಾಲಿಗೆ ಮೊದಲು ಹಂಸ ಮೆಲ್ಲಗೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಅದೇ ಅದರಲ್ಲಿ ಇರಲಿಲ್ಲ. ಆಂಜನಮ್ಮನಿಗೆ ಬೇಕಾಗಿದ್ದು ಆ ಉಸಿರು. ಸಿಟ್ಟಿನಲ್ಲಿ ಅದನ್ನು ಅಳಿಸಿಹಾಕಿದಳು.

ಆಮೇಲೆ ವಸಂತನ ಅಕ್ಕ ಯಮುನಾ ತಮ್ಮನಿಗೆ ಹೆಣ್ಣು ನೋಡುತ್ತಿದ್ದಾಳೆಂಬ ಸುದ್ದಿ ಬಂತು. ಆಂಜನಮ್ಮ ಅದಕ್ಕೆ ಬೇಸರ ಪಡಲಿಲ್ಲ. ಹುಡುಗನಿಗೆ ಇನ್ನೂ ಮೂವತ್ತನಾಲ್ಕು. ಆದರೆ ಹೊಸಬಳು ಬಂದ ಮನೆಯಲ್ಲಿ ಹಳಬಳ ಫೋನು ಎಲ್ಲಿರುತ್ತದೆ? ಬೀರುವಿನ ತಳದಲ್ಲಿ, ಹಳೇ ಕರೆಂಟ್ ಬಿಲ್ಲುಗಳ ಕೆಳಗೆ. ಅದನ್ನು ಅಲ್ಲಿಂದ ಬಿಡಿಸಿ ತರಬೇಕೆಂಬ ಯೋಚನೆ ಅಂದೇ ಹುಟ್ಟಿತು. ಕಳವು ಎಂಬ ಮಾತು ಮನಸ್ಸಿಗೆ ಬಂತು, ಅದನ್ನು ಪಕ್ಕಕ್ಕಿಟ್ಟಳು. ಹಾಡು ತನ್ನದು, ದನಿ ಮಗಳದು, ಕೊಂಡವಳೂ ಮಗಳೇ. ಇದರಲ್ಲಿ ಇನ್ನೊಬ್ಬರದೇನಿದೆ?

ಉಪಾಯ ಅವಳ ಕೈಯಲ್ಲೇ ಇತ್ತು. ಹಂಸ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬಣ್ಣದ ಎರಡು ಫೋನು ತಂದು ಒಂದನ್ನು ಅಮ್ಮನಿಗೆ ಕೊಟ್ಟಿದ್ದಳು. ಅಮ್ಮ ಮರೆಯಬಾರದೆಂದು ಎರಡನ್ನೂ ತೆರೆಯಲು ಒಂದೇ ಗೆರೆ ಎಳೆಯುವಂತೆ ಮಾಡಿದ್ದಳು. ಹಂಸನ ಫೋನಿಗೆ ನವಿಲಿನ ಚಿತ್ರದ ಮಾಸಿದ ಕವರು ಇತ್ತು, ಗಾಜಿನ ಬಲಮೂಲೆಯಲ್ಲಿ ಸಣ್ಣ ಬಿರುಕಿತ್ತು. ವ್ಯತ್ಯಾಸ ಅಷ್ಟೇ. ಬಿರುಕನ್ನು ಆಂಜನಮ್ಮ ಒಂದು ಮಧ್ಯಾಹ್ನ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯಿಂದ ತನ್ನ ಫೋನಿನಲ್ಲೂ ಮಾಡಿಕೊಂಡಳು. ಎರಡನೇ ಏಟಿಗೆ ಬೇಕಾದ ಜಾಗದಲ್ಲೇ ಬಂತು.

ಸಮಯವೂ ಗೊತ್ತಾಯಿತು. ವರ್ಷದ ತಿಥಿಯ ದಿನ ಫೋಟೋ ಮುಂದೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದ ತಿಂಡಿ, ಇಷ್ಟವಾದ ವಸ್ತು ಎಲ್ಲವನ್ನೂ ಅಲ್ಲಿಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಇಣುಕುವುದು ಪಾಪ. ಕೊನೆಗೆ ನೀರಿಟ್ಟು ಬಾಗಿಲು ಎಳೆಯಬೇಕಾದವಳು ಹೆತ್ತವಳು. ಆ ಕೊನೆಯ ಅರೆಗಳಿಗೆ ತಾನೊಬ್ಬಳೇ ಒಳಗಿರುತ್ತೇನೆ, ಬಾಗಿಲು ಎಳೆದ ಮೇಲೆ ಯಾರೂ ನೋಡುವುದಿಲ್ಲ. ಇದಕ್ಕಿಂತ ಭದ್ರವಾದ ಜಾಗ ಯಾವ ಕಳ್ಳನಿಗೂ ಸಿಕ್ಕಿರಲಾರದು ಎನಿಸಿತು ಅವಳಿಗೆ. ಉಗ್ರಾಣದಲ್ಲಿ ನಿಂತು, ಕವರು ಬಿಚ್ಚಿ ಫೋನು ಬದಲಿಸಿ ಹಾಕುವುದನ್ನು ಬೇಳೆ ಡಬ್ಬದ ಮುಂದೆ ಅಭ್ಯಾಸ ಮಾಡಿದಳು. ಮೊದಲು ಮೂವತ್ತು ಎಣಿಸುವಷ್ಟು ಹೊತ್ತು ಹಿಡಿಯುತ್ತಿತ್ತು. ವಾರದಲ್ಲಿ ಹದಿನಾಲ್ಕಕ್ಕೆ ಬಂತು.

ತಿಥಿಗೆ ಹದಿನೈದು ದಿನವಿದೆ ಅನ್ನುವಾಗ ವಸಂತ್ ಕರೆಯಲು ಹೊರಮಾವಿಗೆ ಬಂದ. ಕಾಫಿ ಕುಡಿದು, "ಅತ್ತೆ, ಒಂದ್ಹತ್ತು ನಿಮಿಷ ನಿಮ್ ಫೋನ್ ಕೊಡಿ" ಎಂದು ಕೇಳಿ ಕಾಂಪೌಂಡಿನ ಆಚೆ ನುಗ್ಗೆ ಮರದ ಕೆಳಗೆ ಹೋದ. ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಬಂದಾಗ ಅವನ ಕಣ್ಣು ಕೆಂಪಗಿತ್ತು.

"ಏನೋ ಅಪ್‌ಡೇಟ್ ಇತ್ತು, ಹಾಕಿದೀನಿ. ತಿಥಿ ದಿನ ಮರೀದೆ ತನ್ನಿ."

ಆಂಜನಮ್ಮ ಫೋನನ್ನು ಗಬಕ್ಕನೆ ಇಸಿದುಕೊಂಡಳು. ಹಂಸನ ಫೋಟೋಗಳನ್ನು ಅಳಿಸಿಬಿಟ್ಟನೇ? ಅವನು ಹೋದ ಮೇಲೆ ಕೂತು ಎಣಿಸಿದಳು. ಒಂದೂ ಕಡಿಮೆಯಾಗಿರಲಿಲ್ಲ. ಸಮಾಧಾನವಾಗಿ, ಆ ವಿಷಯವನ್ನು ಅಲ್ಲಿಗೇ ಬಿಟ್ಟಳು. ಅಳಿಯ ಎದುರಿಗಿರುವಾಗಲೇ ಹೇಳಬೇಕಾದ ಮಾತನ್ನು ಅವಳು ಹೇಳಿಯಾಗಿತ್ತು: "ಎಡೆಗೆ ಅವಳ ಫೋನೂ ಇಡಪ್ಪ. ಅವಳಿಗೆ ಇಷ್ಟ ಅದು."

ಇನ್ನು ತನ್ನ ಫೋನಿನಲ್ಲಿ ತನ್ನ ಗುರುತು ಉಳಿಯಬಾರದು. ಮುಂದೆಂದೋ ವಸಂತ್ ತೆರೆದಾಗ ಬರಿದಾಗಿರಬೇಕು. ಇಟ್ಟಲ್ಲೇ ಇಟ್ಟು ಕೆಟ್ಟಿತು ಎಂದುಕೊಳ್ಳಬೇಕು. ಗುರುತಿನವರಿರದ ಜಾಗವೆಂದು ಶಿವಾಜಿನಗರಕ್ಕೆ ಹೋಗಿ, ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಫೋನ್ ರಿಪೇರಿಯವನ ಮುಂದೆ ನಿಂತಳು. ಅವನು ಫೋಟೋಗಳನ್ನೆಲ್ಲ ಒಂದು ಮೆಮೊರಿ ಚಿಪ್ಪಿಗೆ ಹಾಕಿಕೊಟ್ಟ.

"ಹಾಡು ಗೀಡು ಇದ್ರೆ ತೆಗೆದಿಡ್ಲಾ ಅಮ್ಮಾ? ಆಮೇಲೆ ಅಳ್ಬೇಡಿ ಮತ್ತೆ."

"ನನ್ನದ್ರಲ್ಲಿ ಹಾಡೆಲ್ಲಿಂದ ಬರ್ಬೇಕಪ್ಪ? ಇದ್ದಿದ್ರೆ ನಿನ್ನತ್ರ ಯಾಕ್ ಬರ್ತಿದ್ದೆ? ಎಲ್ಲಾ ಅಳಿಸು."

"ಫಿಕರ್ ಮಾಡ್ಬೇಡಿ." ಅವನು ಎರಡು ಬೆರಳಲ್ಲಿ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕಾದ. "ತಗೊಳ್ಳಿ, ಪೂರಾ ಸಾಫ್. ಈಗ್ತಾನೆ ಹುಟ್ಟಿದ್ ಮಗು ತರ."

ತಿಥಿಯ ಬೆಳಿಗ್ಗೆ ಗಂಡ ಮುನಿಆಂಜನಪ್ಪ ಮಗನ ಬೈಕಿನಲ್ಲಿ ಆಮೇಲೆ ಬರುವುದೆಂದು, ತಾನು ಅಡುಗೆಗೆ ಕೈಹಾಕಲು ಮೊದಲೇ ಬಸ್ಸಿನಲ್ಲಿ ಹೋಗುವುದೆಂದು ಏರ್ಪಾಡು ಮಾಡಿದ್ದಳು. ಅದಕ್ಕೂ ಕಾರಣವಿತ್ತು. ಟಿನ್ ಫ್ಯಾಕ್ಟರಿಯ ನೂಕುನುಗ್ಗಲಿನಲ್ಲಿ ಫೋನು ಹೋಗುವುದು ದಿನವೂ ಕೇಳುವ ಸುದ್ದಿ. ವಸಂತನ ಮನೆ ಮುಟ್ಟುವಷ್ಟರಲ್ಲಿ ಅವಳ ಫೋನೂ ಸೊಂಟದ ಮಡಿಕೆಯೊಳಕ್ಕೆ 'ಹೋಗಿತ್ತು'. ಕೇಳಿದರೆ ಮಾತ್ರ ಹೇಳುವುದು. ಕೇಳದೆ ಹೇಳುವವರೇ ಸಿಕ್ಕಿಬೀಳುವುದು.

ಮಧ್ಯಾಹ್ನ ಎಡೆ ಸಿದ್ಧವಾಯಿತು. ಒಬ್ಬಟ್ಟು, ಚಿತ್ರಾನ್ನ, ಹಂಸ ಆಸೆಪಟ್ಟು ತಿನ್ನುತ್ತಿದ್ದ ಹಾಗಲಕಾಯಿ ಗೊಜ್ಜು. ಪಕ್ಕದಲ್ಲಿ ನವಿಲಿನ ಕವರಿನ ಫೋನು, ಅದರ ಮೇಲೆ ಒಂದು ಸೇವಂತಿಗೆ. ಧೂಪ ಹಾಕಿ ಎಲ್ಲರೂ ಹೊರಗೆ ಹೋದರು. ಆಂಜನಮ್ಮ ನೀರಿನ ಲೋಟ ಇಟ್ಟಳು. ಒಂದು, ಎರಡು. ಫೋಟೋದಲ್ಲಿ ಹಂಸ ನೇರ ನೋಡುತ್ತಿದ್ದಳು. ಹಿಂದೊಮ್ಮೆ ಅಮ್ಮ ಸಿನಿಮಾ ಹಾಡು ತುಂಬಿಸಿಕೊಂಡು ತಂದಾಗ, "ಕದ್ದ ಮಾಲಮ್ಮ ಅದು, ಹಾಡಿದೋರ ಅನ್ನ" ಎಂದು ಬೈದು ಅಳಿಸಿದವಳು. ಏಳು, ಎಂಟು. "ಸುಮ್ಮನಿರೇ, ನನ್ನ ಕಂದ" ಎಂದುಕೊಂಡಳು ಆಂಜನಮ್ಮ. ಹನ್ನೆರಡಕ್ಕೇ ಮುಗಿಯಿತು. ಸೇವಂತಿಗೆ ಮೊದಲಿದ್ದ ಹಾಗೇ ಕೂತಿತು. ಹಂಸನ ಫೋನು ಸೊಂಟದ ಸೀರೆಯ ಮಡಿಕೆಯೊಳಗೆ ಸೇರಿತು. ಎದ್ದಾಗ ಸೆರಗು ಎಡೆಯ ಎಲೆಗೆ ತಾಗಿದ್ದು ಅವಳಿಗೆ ತಿಳಿಯಲಿಲ್ಲ.

ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಕಾದು, ಮುನಿಆಂಜನಪ್ಪ ಮೂರು ಸಲ ತಟ್ಟಿ ಬಾಗಿಲು ತೆಗೆದ. ಒಳಗೆ ಹೋದವನು ನಿಂತುಬಿಟ್ಟ.

"ಒಬ್ಬಟ್ಟು ಜರುಗೈತೆ ನೋಡ್ರೋ! ಬಂದಿದ್ಲು ಕಣೋ ನನ್ ಮಗಳು. ಮೊದ್ಲು ಸಿಹೀಗೇ ಕೈ ಹಾಕೋಳು."

ಯಮುನಾ ಕೈ ಮುಗಿದಳು. ಯಾರೋ ಬಿಕ್ಕಿದರು. ವಸಂತ್ ಗೋಡೆ ಹಿಡಿದು ಅತ್ತ, ಮುಖ ಒರೆಸಿಕೊಂಡ, ಆಮೇಲೆ ಎಲ್ಲರನ್ನೂ ಕೂರಿಸಿದ.

"ಅವಳು ಬಂದಿರೋ ಹೊತ್ತಲ್ಲೇ ಆಗ್ಲಿ" ಎಂದ. "ಅತ್ತೆ, ನಿಮ್ ಫೋನ್ ಕೊಡಿ."

ಉತ್ತರ ಸಿದ್ಧವಾಗಿತ್ತು. "ಎಲ್ಲೈತಪ್ಪ? ಬೆಳಿಗ್ಗೆ ಟಿನ್ ಫ್ಯಾಕ್ಟರಿ ಹತ್ರ ಬಸ್ಸಲ್ಲಿ ಯಾರೋ ಹೊಡ್ಕೊಂಡ್ಬಿಟ್ರು."

ವಸಂತ್ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. "ಆವತ್ತು ನುಗ್ಗೆ ಮರದ ಕೆಳಗೆ ನಿಮ್ ಫೋನ್ ಇಸ್ಕೊಂಡಿದ್ನಲ್ಲ ಅತ್ತೆ... ಎಂಟು ತಿಂಗಳು ಕಾಡಿ ಬೇಡಿದ್ಮೇಲೆ ಕಂಪನಿಯೋರು ಒಪ್ಪಿದ್ರು. ಒಂದೇ ಸಲ, ಒಂದೇ ಫೋನಿಗೆ, ಆಮೇಲೆ ಇಲ್ಲ ಅಂದ್ರು. ನನಗಿಂತ ನಿಮ್ಮತ್ರ ಇರ್ಲಿ ಅಂತ ಏಳೂ ಹಾಡು ನಿಮ್ಮದಕ್ಕೆ ಹಾಕಿದ್ದೆ. ಅವಳದ್ರಲ್ಲಿ ಈಗ ಏನೂ ಇಲ್ಲ." "ಆ ಕಳ್ಳನ ಕೈ ಸೇದೋಗ!" ಎಂದು ಯಮುನಾ ನೆಟಿಗೆ ಮುರಿದಳು. ಆಂಜನಮ್ಮನ ಕೈ ಸೊಂಟದ ಮಡಿಕೆಯ ಮೇಲೆ ಹಾಗೇ ಇತ್ತು. ಅವಳು ಎಡೆಯ ಕಡೆ ನೋಡಿದಳು. ನವಿಲಿನ ಕವರಿನೊಳಗೆ, ಸೇವಂತಿಗೆಯ ಕೆಳಗೆ, ಅವಳದೇ ಫೋನು ಈಗ್ತಾನೆ ಹುಟ್ಟಿದ ಮಗುವಿನಂತೆ ಸಾಫಾಗಿ ಮಲಗಿತ್ತು.